ನೋಡುಗರಿಗೆ ಸ್ಪಂದಿಸದ ವಿಡಿಯೊ ಇನ್‌ಸ್ಟಲೇಶನ್: ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚುವುದು

ಗೋಡೆಯ ಮೇಲೆ ಚಿತ್ರ ಬರುತ್ತಿದೆ, ಸದ್ದೂ ಬರುತ್ತಿದೆ. ಆದರೆ ಎದುರು ನಿಂತವರು ಎಷ್ಟು ಕೈ ಬೀಸಿದರೂ ಏನೂ ಆಗುವುದಿಲ್ಲ. ಇಲ್ಲವೇ ಕೋಣೆಯಲ್ಲಿ ಯಾರೂ ಇಲ್ಲದಾಗ ಚಿತ್ರ ತಾನಾಗಿ ಅಲುಗಾಡುತ್ತದೆ. ಇಲ್ಲವೇ ಬೆಳಿಗ್ಗೆ ಚೆನ್ನಾಗಿದ್ದದ್ದು ಸಂಜೆ ಹೊತ್ತಿಗೆ ಹದ ತಪ್ಪುತ್ತದೆ. ನೋಡುಗರ ಚಲನೆಗೆ ಸ್ಪಂದಿಸುವ ವಿಡಿಯೊ ಕೃತಿಗಳನ್ನು ನಡೆಸುವವರಿಗೆ ಈ ಮೂರೂ ಗೊತ್ತಿರುವ ಕಾಟಗಳೇ. ಕ್ಯಾಮೆರಾ ಅಥವಾ ಡೆಪ್ತ್ ಸೆನ್ಸರ್ (ಎದುರಿರುವುದು ಎಷ್ಟು ದೂರದಲ್ಲಿದೆ ಎಂದು ಅಳೆಯುವ ಸಾಧನ), ಒಂದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಅಥವಾ ಸ್ಕ್ರೀನ್ ಇಷ್ಟು ಇರುವ ಯಾವ ಕೃತಿಗೂ ಈ ಕೈಪಿಡಿ ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಕೃತಿ ಕೆಟ್ಟಾಗ ಎಲ್ಲರ ಕಣ್ಣೂ ಗೋಡೆಯ ಕಡೆಗೇ ಹೋಗುತ್ತದೆ. ಆದರೆ ಗೋಡೆ ಕೊನೆಯ ಕೊಂಡಿ. ಸೆನ್ಸರ್‌ಗೆ ಏನು ಕಾಣುತ್ತಿದೆ ಎಂದು ನೋಡುವವರೆಗೆ ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ. ಅದನ್ನೂ ಖಾಲಿ ಕೋಣೆಯಲ್ಲಿ ಅಲ್ಲ, ಜನ ಇರುವಾಗ ನೋಡಿ. ನೋಡುಗರೂ ಈ ಯಂತ್ರದ ಒಂದು ಭಾಗ. ಅವರಿಲ್ಲದೆ ಮಾಡಿದ ಪರೀಕ್ಷೆ ಅರ್ಧ ಪರೀಕ್ಷೆ.

ಇದು ನಿಜಕ್ಕೂ ದೋಷವೇ?

ಕಲಾವಿದ ಡ್ಯಾನ್ ಗ್ರಹಾಂ 1974ರಲ್ಲಿ ಮಾಡಿದ ಒಂದು ಕೃತಿಯಲ್ಲಿ ಕನ್ನಡಿ ಗೋಡೆಗಳ ಕೋಣೆಯಿದೆ. ಒಳಗೆ ಬಂದವರು ಮಾನಿಟರ್‌ನಲ್ಲಿ ತಮ್ಮನ್ನು ನೋಡುವುದು 8 ಸೆಕೆಂಡು ತಡವಾಗಿ. ಆ ತಡವೇ ಕೃತಿಯ ಜೀವ. ಇನ್ನೊಬ್ಬ ಕಲಾವಿದ ಬ್ರೂಸ್ ನೌಮನ್ 1970ರಲ್ಲಿ ಮಾಡಿದ ಇಕ್ಕಟ್ಟಾದ ಓಣಿಯಲ್ಲಿ ಕ್ಯಾಮೆರಾ ಬಾಗಿಲ ಬಳಿ ಎತ್ತರದಲ್ಲಿದೆ, ಮಾನಿಟರ್ ಆ ತುದಿಯಲ್ಲಿದೆ. ಮಾನಿಟರ್ ಹತ್ತಿರ ಹೋದಷ್ಟೂ ಕ್ಯಾಮೆರಾದಿಂದ ದೂರ ಆಗುತ್ತೀರಿ. ನಿಮ್ಮದೇ ಬೆನ್ನು ಸಣ್ಣದಾಗುತ್ತಾ ಹೋಗುತ್ತದೆ. ಇದನ್ನು ಗೊತ್ತಿಲ್ಲದ ಟೆಕ್ನೀಶಿಯನ್ ನೋಡಿದರೆ ‘ಕ್ಯಾಮೆರಾ ತಪ್ಪು ಜಾಗದಲ್ಲಿದೆ’ ಎಂದು ಸರಿಸಿಬಿಡಬಹುದು, ಅಲ್ವಾ?

ಆದ್ದರಿಂದ ಕಲಾವಿದರ ಟಿಪ್ಪಣಿ ಮೊದಲು ಓದಿ. ಟಿಪ್ಪಣಿ ಇಲ್ಲದಿದ್ದರೆ ಅವರನ್ನೇ ಕೇಳಿ: ಎಷ್ಟು ತಡ ಇರಬೇಕು, ಚಿತ್ರ ಕನ್ನಡಿಯಂತೆ ಎಡ ಬಲ ತಿರುಗಿರಬೇಕೇ, ಸುಮ್ನೆ ನಿಂತವರಿಗೆ ಏನು ಕಾಣಬೇಕು, ಯಾರೂ ಇಲ್ಲದಾಗ ಏನು ನಡೆಯಬೇಕು. ಈ ನಾಲ್ಕಕ್ಕೆ ಉತ್ತರ ಸಿಗದೆ ರಿಪೇರಿಗೆ ಕೈ ಹಾಕಿದರೆ ಕೃತಿಯನ್ನೇ ಬದಲಿಸಿದಂತಾಗುತ್ತದೆ.

ಸರಪಳಿಯನ್ನು ಮಧ್ಯಕ್ಕೆ ಕತ್ತರಿಸಿ

ಒಳಗೆ ನಡೆಯುವುದು ಮೂರೇ ಕೆಲಸ. ಸೆನ್ಸರ್ ನೋಡುತ್ತದೆ, ಪ್ರೋಗ್ರಾಂ ಲೆಕ್ಕ ಹಾಕುತ್ತದೆ, ಪ್ರೊಜೆಕ್ಟರ್ ತೋರಿಸುತ್ತದೆ. ತೊಂದರೆ ಯಾವ ಕಡೆಗಿದೆ ಎಂದು ತಿಳಿಯಲು ಸುಲಭದ ದಾರಿ ಮಧ್ಯದಿಂದ ಶುರು ಮಾಡುವುದು.

ಸೆನ್ಸರ್ ಬದಲು ಮೌಸ್ ಕೊಡಿ. ಟಚ್‌ಡಿಸೈನರ್, ಮ್ಯಾಕ್ಸ್, ಓಪನ್‌ಫ್ರೇಮ್‌ವರ್ಕ್ಸ್, ಪ್ರೊಸೆಸಿಂಗ್ ಹೀಗೆ ಯಾವ ಸಾಫ್ಟ್‌ವೇರ್‌ನಲ್ಲಿ ಕೃತಿ ಮಾಡಿದ್ದರೂ, ನೋಡುಗರ ಜಾಗ ಹೇಳುವ ಎರಡು ಸಂಖ್ಯೆಗಳ ಬದಲು ಮೌಸ್‌ನ ಎರಡು ಸಂಖ್ಯೆ ಸೇರಿಸುವುದು ಕಷ್ಟವಲ್ಲ. ಮೌಸ್ ಆಡಿಸಿದಾಗ ಗೋಡೆಯ ಚಿತ್ರ ಸರಿಯಾಗಿ ಸ್ಪಂದಿಸಿದರೆ ಪ್ರೊಜೆಕ್ಟರ್, ಕೇಬಲ್, ಚಿತ್ರ ಬರೆಯುವ ಕೋಡ್ ಎಲ್ಲವೂ ನಿರಪರಾಧಿ. ಹುಡುಕಾಟ ಅರ್ಧಕ್ಕೆ ಇಳಿಯಿತು. ಮೌಸ್‌ಗೂ ಸ್ಪಂದಿಸದಿದ್ದರೆ ಸೆನ್ಸರ್ ಕಡೆ ಹೋಗುವ ಅಗತ್ಯ ಸದ್ಯಕ್ಕಿಲ್ಲ.

ಆಮೇಲೆ ಇನ್ನೊಂದು ಹೆಜ್ಜೆ. ಕೃತಿ ಚೆನ್ನಾಗಿ ನಡೆಯುತ್ತಿದ್ದಾಗ ಸೆನ್ಸರ್ ಕಂಡದ್ದನ್ನು ಒಂದೆರಡು ನಿಮಿಷ ರೆಕಾರ್ಡ್ ಮಾಡಿಟ್ಟುಕೊಂಡಿದ್ದರೆ, ಲೈವ್ ಕ್ಯಾಮೆರಾ ಬದಲು ಆ ರೆಕಾರ್ಡಿಂಗ್ ಹಾಕಿ. ಅದರಲ್ಲಿ ಸರಿಯಾಗಿ ನಡೆದು ಲೈವ್‌ನಲ್ಲಿ ನಡೆಯದಿದ್ದರೆ ಕೋಡ್ ಸರಿಯಿದೆ, ಬದಲಾಗಿರುವುದು ಕೋಣೆ ಅಥವಾ ಸೆನ್ಸರ್. ಕೃತಿ ಹೊಂದಿಸಿದ ದಿನವೇ ಇಂಥ ರೆಕಾರ್ಡಿಂಗ್ ಮಾಡಿಡುವವರು ಕಡಿಮೆ. ಆದರೆ ಕೆಟ್ಟ ದಿನ ಇದಕ್ಕಿಂತ ದೊಡ್ಡ ಸಹಾಯ ಮತ್ತೊಂದಿಲ್ಲ.

ಎರಡು ಕಂಪ್ಯೂಟರ್ ಇದ್ದು ನಡುವೆ ಒಎಸ್‌ಸಿ (ಇಂಥ ಪ್ರೋಗ್ರಾಂಗಳು ಒಂದಕ್ಕೊಂದು ಸಂಖ್ಯೆ ಕಳಿಸುವ ಕ್ರಮ) ಸಂದೇಶ ಹೋಗುತ್ತಿದ್ದರೆ ಅಲ್ಲೂ ಒಮ್ಮೆ ಇಣುಕಿ. ಒಎಸ್‌ಸಿ ಸಾಮಾನ್ಯವಾಗಿ ಯುಡಿಪಿ ಎಂಬ ನೆಟ್‌ವರ್ಕ್ ವಿಧಾನದ ಮೇಲೆ ಹೋಗುತ್ತದೆ. ಸಂದೇಶ ತಲುಪಿತೇ ಎಂದು ಯುಡಿಪಿ ಕೇಳುವುದಿಲ್ಲ. ವೈಫೈ ಮೇಲೆ ಹೋಗುವ ಸಂದೇಶಗಳು ಕಿಕ್ಕಿರಿದ ಕೋಣೆಯಲ್ಲಿ ಕಳೆದುಹೋಗುವುದು ಜಾಸ್ತಿ. ವೈಫೈ ಬದಲು ಒಂದು ನೆಟ್‌ವರ್ಕ್ ಕೇಬಲ್ ಹಾಕಿಬಿಡಿ, ಕಾಟ ತಪ್ಪುತ್ತದೆ.

ಸೆನ್ಸರ್‌ಗೆ ಜನ ಕಾಣುತ್ತಿಲ್ಲ

ಅತಿ ಹೆಚ್ಚು ತೊಂದರೆ ಇಲ್ಲೇ. ಸೆನ್ಸರ್‌ನ ಕಚ್ಚಾ ಚಿತ್ರವನ್ನು ಇನ್ನೊಂದು ಮಾನಿಟರ್‌ಗೆ ಹಾಕಿಕೊಂಡು ಕುಳಿತುಕೊಳ್ಳಿ. ಇನ್ನೊಬ್ಬರು ಕೋಣೆಯಲ್ಲಿ ನಡೆದಾಡಲಿ.

ಡೆಪ್ತ್ ಸೆನ್ಸರ್ ಆದರೆ ಮೊದಲು ದೂರ ಅಳೆಯಿರಿ. ಮೈಕ್ರೊಸಾಫ್ಟ್‌ನ ಡೆಪ್ತ್ ಸೆನ್ಸರ್ ಕೈನೆಕ್ಟ್‌ಗಳಲ್ಲಿ 2010ರಲ್ಲಿ ಬಂದ ಮೊದಲನೆಯದ್ದು ಭರವಸೆಯಿಂದ ಅಳೆಯುವುದು ಸುಮಾರು 0.8 ಮೀಟರಿನಿಂದ 4 ಮೀಟರ್‌ವರೆಗೆ. ಎರಡನೆಯದ್ದು 0.5ರಿಂದ 4.5 ಮೀಟರ್. ಜನ ಗೋಡೆಗೆ ತೀರಾ ಹತ್ತಿರ ಹೋದರೆ, ಗೋಡೆಯ ಕೆಳಗೇ ಇಟ್ಟ ಸೆನ್ಸರ್‌ಗೆ ಅವರು ಕಾಣದೆ ಹೋಗುತ್ತಾರೆ. ಕುತೂಹಲ ಜಾಸ್ತಿ ಇರುವವರೇ ಹತ್ತಿರ ಹೋಗುವವರು. ಹಾಗಾಗಿ ಕೃತಿ ತನ್ನ ಒಳ್ಳೆಯ ನೋಡುಗರನ್ನೇ ಕಳೆದುಕೊಳ್ಳುತ್ತದೆ. ನೆಲದ ಮೇಲೆ ಟೇಪ್ ಅಂಟಿಸಿ, ಎಲ್ಲಿ ಕಾಣುತ್ತಾರೆ ಎಲ್ಲಿ ಮಾಯವಾಗುತ್ತಾರೆ ಎಂದು ಗೆರೆ ಹಾಕಿ. ಆ ಗೆರೆ ಜನ ನಿಲ್ಲುವ ಜಾಗಕ್ಕೆ ಹೊಂದದಿದ್ದರೆ ಸೆನ್ಸರನ್ನು ಹಿಂದಕ್ಕೆ ಅಥವಾ ಮೇಲಕ್ಕೆ ಸರಿಸುವುದೇ ಪರಿಹಾರ. ಜನರನ್ನು ಹಿಂದೆ ನಿಲ್ಲಿಸುವ ಬೋರ್ಡ್ ಹಾಕುವುದು ಕೊನೆಯ ದಾರಿ.

ಅಸ್ಥಿಪಂಜರದ ರೂಪದಲ್ಲಿ ಜನರನ್ನು ಹಿಂಬಾಲಿಸುವ ಕೃತಿಯಲ್ಲಿ ಎಷ್ಟು ಮಂದಿ ಎಂಬ ಮಿತಿಯೂ ಇದೆ. ಮೊದಲ ಕೈನೆಕ್ಟ್ ಇಬ್ಬರ ಕೀಲುಗಳನ್ನಷ್ಟೇ ಪೂರ್ತಿ ಹಿಂಬಾಲಿಸುತ್ತದೆ, ಎರಡನೆಯದ್ದು ಆರು ಮಂದಿಯದ್ದು. ಮೂರನೆಯವರು ಬಂದ ಕೂಡಲೇ ‘ಕೆಟ್ಟುಹೋಯಿತು’ ಎನ್ನುವ ದೂರು ಬಂದರೆ ಏನೂ ಕೆಟ್ಟಿಲ್ಲ, ಮಿತಿ ಮುಗಿದಿದೆ.

ಬೆಳಕಿನ ವಿಚಾರ ಇನ್ನೂ ಸೂಕ್ಷ್ಮ. ಈ ಸೆನ್ಸರ್‌ಗಳು ನೋಡುವುದು ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಲ್ಲಿ. ಬಿಸಿಲಿನಲ್ಲಿ ಅದು ಧಾರಾಳವಾಗಿದೆ. ಹ್ಯಾಲೊಜೆನ್ ಮತ್ತು ಹಳೆಯ ತಂತಿ ಬಲ್ಬ್‌ಗಳಲ್ಲೂ ಇದೆ. ನಮ್ಮ ಕಣ್ಣಿಗೆ ಸಾಧಾರಣ ಬೆಳಕು ಎನಿಸಿದ್ದು ಸೆನ್ಸರ್‌ನ ಕಣ್ಣು ಕೋರೈಸುವಂತಿರಬಹುದು. ಬಿಳಿ ಎಲ್ಇಡಿ ದೀಪಗಳಲ್ಲಿ ಇನ್ಫ್ರಾರೆಡ್ ಬಹಳ ಕಡಿಮೆ. ದೀಪ ಬದಲಿಸಿದರೆ ಎಷ್ಟೋ ಕೃತಿಗಳು ಒಂದು ಸಾಲು ಕೋಡ್ ಮುಟ್ಟದೆ ಸರಿಹೋಗುತ್ತವೆ.

ಡೆಪ್ತ್ ಸೆನ್ಸರ್ ಬದಲು, ಒಳಗಿನ ಇನ್ಫ್ರಾರೆಡ್ ತಡೆ ತೆಗೆದ ಮಾಮೂಲಿ ಕ್ಯಾಮೆರಾಕ್ಕೆ ಇನ್ಫ್ರಾರೆಡ್ ಮಾತ್ರ ಬಿಡುವ ಫಿಲ್ಟರ್ ಹಾಕಿ, ಪಕ್ಕದಲ್ಲಿ 850 ನ್ಯಾನೊಮೀಟರಿನ ಇನ್ಫ್ರಾರೆಡ್ ದೀಪ ಇಟ್ಟಿದ್ದರೆ, ಆ ದೀಪ ಉರಿಯುತ್ತಿದೆಯೇ ಎಂದು ಬರಿಗಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ. ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ದೀಪದ ಕಡೆ ಹಿಡಿಯಿರಿ. ಬಹಳಷ್ಟು ಫೋನ್‌ಗಳಲ್ಲಿ ಅದು ನೇರಳೆ ಬಿಳುಪಾಗಿ ಹೊಳೆಯುತ್ತದೆ. ಇದನ್ನೇ ಮೊದಲು ಮಾಡಿ. ಸತ್ತ ದೀಪದ ಮುಂದೆ ಕೂತು ಥ್ರೆಶೋಲ್ಡ್ (ಮನುಷ್ಯ ಹೌದೋ ಅಲ್ಲವೋ ಎಂದು ಪ್ರೋಗ್ರಾಂ ಬೇರೆ ಮಾಡುವ ಬೆಳಕಿನ ಮಟ್ಟ) ತಿರುಗಿಸುವುದರಲ್ಲಿ ದಿನ ಕಳೆದುಹೋಗುತ್ತದೆ.

ಬಟ್ಟೆಯನ್ನೂ ಮರೆಯಬೇಡಿ. ಕೆಲವು ಕಪ್ಪು ಬಟ್ಟೆಗಳು ಇನ್ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತವೆ. ಮುಖ, ಕೈ ಮಾತ್ರ ಕಂಡು ನಡುವಿನ ದೇಹವೇ ತೂತಾಗಿ ಕಾಣುತ್ತದೆ. ಕಾಲು ಪೂರ್ತಿ ಮುಚ್ಚುವ ಬಟ್ಟೆ ತೊಟ್ಟವರ ಮಂಡಿಯನ್ನು ಸಾಫ್ಟ್‌ವೇರ್ ಊಹಿಸಿ ಎಲ್ಲೆಲ್ಲೋ ಇಡುತ್ತದೆ. ಗಾಲಿಕುರ್ಚಿಯಲ್ಲಿ ಕೂತವರನ್ನು ಕೆಲವೊಮ್ಮೆ ಮನುಷ್ಯರೆಂದೇ ಗುರುತಿಸುವುದಿಲ್ಲ. ಪುಟ್ಟ ಮಕ್ಕಳ ತಲೆ ಸೆನ್ಸರ್‌ನ ನೋಟದ ಕೆಳ ಅಂಚಿಗಿಂತ ಕೆಳಗೇ ಉಳಿದುಬಿಡುತ್ತದೆ. ಇವೆಲ್ಲ ‘ಅಪರೂಪದ ಸಂದರ್ಭ’ ಎಂದು ಬದಿಗಿಡುವಂಥವಲ್ಲ. ಬಾಗಿಲು ತೆರೆದ ಮೇಲೆ ಬರುವುದು ಇವರೆಲ್ಲರೂ. ಒಬ್ಬರಿಗೆ ಮಾತ್ರ ಸ್ಪಂದಿಸದ ಗೋಡೆ ಆ ಒಬ್ಬರಿಗೆ ಕೊಡುವ ನೋವು ಸಣ್ಣದಲ್ಲ. ಹಾಗಾಗಿ ಪರೀಕ್ಷೆಗೆ ನಿಂತವರೆಲ್ಲ ಒಂದೇ ಎತ್ತರದವರು, ಪ್ಯಾಂಟ್ ತೊಟ್ಟವರು ಆಗಿದ್ದರೆ ಆ ಪರೀಕ್ಷೆಯನ್ನು ನಂಬಬೇಡಿ.

ಕ್ಯಾಮಿಲ್ ಅಟರ್‌ಬ್ಯಾಕ್ ಮತ್ತು ರೋಮಿ ಅಚಿಟುವ್ 1999ರಲ್ಲಿ ಮಾಡಿದ ಪ್ರಸಿದ್ಧ ಕೃತಿಯೊಂದರಲ್ಲಿ ಅಕ್ಷರಗಳು ಮಳೆಯಂತೆ ಬಿದ್ದು ನೋಡುಗರ ಮೈಮೇಲೆ ನಿಲ್ಲುತ್ತವೆ. ಅಲ್ಲಿನ ನಿಯಮ ಸರಳ: ಒಂದು ಮಟ್ಟಕ್ಕಿಂತ ಕಪ್ಪಾಗಿ ಕಂಡದ್ದರ ಮೇಲೆ ಅಕ್ಷರ ನಿಲ್ಲುತ್ತದೆ. ಇಂಥ ನಿಯಮದ ಕೃತಿಯಲ್ಲಿ ಹಿಂದಿನ ಗೋಡೆ ಬೆಳ್ಳಗೆ, ಒಂದೇ ಸಮ ಬೆಳಗಿರಬೇಕು. ಒಂದು ಮೂಲೆಯ ದೀಪ ಆರಿದರೆ ಆ ಮೂಲೆಯ ನೆರಳೇ ಮನುಷ್ಯನಂತಾಗುತ್ತದೆ. ಬಿಳಿ ಅಂಗಿ ತೊಟ್ಟವರ ತೋಳಿನಿಂದ ಅಕ್ಷರಗಳು ಸೋರಿಹೋಗಬಹುದು. ಗೋಡೆಯ ಬೆಳಕು ಮೊದಲು, ಥ್ರೆಶೋಲ್ಡ್ ಆಮೇಲೆ.

ಸುಮ್ನೆ ನಿಂತವರು ಕರಗಿಹೋಗುತ್ತಾರೆ

ನಡೆದಾಡುವಾಗ ಎಲ್ಲ ಸರಿ. ನಿಂತು ನೋಡಲು ಶುರು ಮಾಡಿದರೆ ಗೋಡೆಯಲ್ಲಿನ ಅವರ ರೂಪ ಅಂಚಿನಿಂದ ಸವೆಯುತ್ತಾ ಮಾಯವಾಗುತ್ತದೆ. ಅವರು ಹೊರಟ ಮೇಲೆ, ಅವರು ನಿಂತಿದ್ದ ಜಾಗದಲ್ಲಿ ಒಂದು ಪ್ರೇತರೂಪ ಉಳಿಯುತ್ತದೆ. ಈ ಎರಡು ಲಕ್ಷಣ ಒಟ್ಟಿಗೆ ಕಂಡರೆ ಬೇರೆಲ್ಲೂ ಹುಡುಕಬೇಡಿ. ಖಾಲಿ ಕೋಣೆಯ ಹಿನ್ನೆಲೆಯನ್ನು ಕಳೆದು ಜನರನ್ನು ಹುಡುಕುವ ಲೆಕ್ಕ ನೋಡುಗರನ್ನೇ ಹಿನ್ನೆಲೆ ಎಂದು ಕಲಿಯುತ್ತಿದೆ.

ಚಿತ್ರ ವಿಶ್ಲೇಷಿಸುವ ಓಪನ್‌ಸಿವಿ ಎಂಬ ಸಾಫ್ಟ್‌ವೇರ್‌ನಲ್ಲಿ ಹಿನ್ನೆಲೆ ಕಳೆಯುವ ಎಂಒಜಿ2 ಎಂಬ ವಿಧಾನವಿದೆ, ಅದರಲ್ಲಿ ನೆನಪಿನ ಉದ್ದ ಹೇಳುವ ಸಂಖ್ಯೆ ಮೊದಲೇ 500 ಫ್ರೇಮ್ ಎಂದಿರುತ್ತದೆ. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಅದು ಹದಿನೇಳು ಸೆಕೆಂಡಿಗೂ ಕಡಿಮೆ. ನಿಂತವರು ಕರಗಲು ಅಷ್ಟು ಹೊತ್ತೂ ಬೇಕಿಲ್ಲ, ಕೆಲವೇ ಸೆಕೆಂಡು ಸಾಕು. ರಸ್ತೆಯಲ್ಲಿ ಓಡುವ ವಾಹನ ಎಣಿಸಲು ಇದು ಚೆನ್ನ. ಚಿತ್ರದ ಮುಂದೆ ನಿಂತು ನೋಡುವವರಿಗೆ ಚೆನ್ನಲ್ಲ.

ಪರಿಹಾರ ಹೀಗೆ. ಬಾಗಿಲು ತೆರೆಯುವ ಮುಂಚೆ, ಕೋಣೆ ಖಾಲಿ ಇರುವಾಗ ಹಿನ್ನೆಲೆ ಕಲಿಸಿ. ಆಮೇಲೆ ಕಲಿಕೆಯ ದರವನ್ನು ಸೊನ್ನೆ ಮಾಡಿ, ಇಲ್ಲವೇ ಸೊನ್ನೆಗೆ ತೀರಾ ಹತ್ತಿರ ಇಡಿ. ದಿನದ ಬೆಳಕು ಬದಲಾಗುವ ಕೋಣೆಯಾದರೆ, ಒಳಗೆ ಯಾರೂ ಇಲ್ಲ ಎಂದು ಖಚಿತವಾದಾಗ ಮಾತ್ರ ಸ್ವಲ್ಪ ಕಲಿಯಲು ಬಿಡಿ. ಎಂಒಜಿ2 ನೆರಳನ್ನೂ ಗುರುತಿಸಿ 127 ಎಂಬ ಬೂದು ಬೆಲೆ ಕೊಡುತ್ತದೆ, ಮನುಷ್ಯರಿಗೆ 255. ‘ಸೊನ್ನೆಗಿಂತ ಹೆಚ್ಚಿದ್ದದ್ದೆಲ್ಲ ಮನುಷ್ಯ’ ಎಂದು ಕೋಡ್ ಬರೆದಿದ್ದರೆ ನೆರಳೂ ಮನುಷ್ಯನಾಗುತ್ತದೆ. 200ಕ್ಕಿಂತ ಹೆಚ್ಚು ಇರುವುದನ್ನು ಮಾತ್ರ ತೆಗೆದುಕೊಳ್ಳಿ.

ಯಾರೂ ಇಲ್ಲದಿದ್ದರೂ ಅಲುಗಾಟ

ಡೆಪ್ತ್ ಸೆನ್ಸರ್ ಇದ್ದರೆ ಮೊದಲು ಸೊನ್ನೆಯನ್ನು ಸಂಶಯಿಸಿ. ಅಳೆಯಲು ಆಗದ ಜಾಗಕ್ಕೆ ಹೆಚ್ಚಿನ ಸೆನ್ಸರ್‌ಗಳು ಕೊಡುವ ಬೆಲೆ 0. ಅದರ ಅರ್ಥ ‘ಗೊತ್ತಿಲ್ಲ’ ಎಂದು. ಆದರೆ ಕೋಡ್‌ನಲ್ಲಿ ‘2000 ಮಿಲಿಮೀಟರಿಗಿಂತ ಹತ್ತಿರ ಇದ್ದರೆ ಮನುಷ್ಯ’ ಎಂದು ಬರೆದಿದ್ದರೆ 0 ಕೂಡ ಹತ್ತಿರವೇ ಆಯಿತು. ಗಾಜಿನ ಬಾಗಿಲು, ಕನ್ನಡಿ, ಹೊಳೆಯುವ ನೆಲ, ಬಿಸಿಲಿನ ಪಟ್ಟೆ ಇವೆಲ್ಲ ಮಿನುಗುವ ಭೂತಗಳಾಗುತ್ತವೆ. ‘500ಕ್ಕಿಂತ ದೂರ, 2000ಕ್ಕಿಂತ ಹತ್ತಿರ’ ಎಂದು ಎರಡೂ ಕಡೆ ಬೇಲಿ ಹಾಕಿದರೆ ಭೂತ ಮಾಯ.

ಮಾಮೂಲಿ ಕ್ಯಾಮೆರಾ ಇದ್ದರೆ ಆಟೊ ಎಕ್ಸ್‌ಪೋಶರ್ ಆಫ್ ಮಾಡಿ. ಆಟೊ ವೈಟ್ ಬ್ಯಾಲೆನ್ಸ್, ಆಟೊ ಫೋಕಸ್ ಕೂಡ. ಗೋಡೆಯಲ್ಲಿ ಒಮ್ಮೆ ಬಿಳಿ ಚಿತ್ರ ಬಂದರೆ ಕ್ಯಾಮೆರಾ ತನ್ನ ಕಣ್ಣು ಕಿರಿದು ಮಾಡುತ್ತದೆ. ಇಡೀ ಕೋಣೆ ಒಮ್ಮೆಲೇ ಕಪ್ಪಾಗುತ್ತದೆ. ಪ್ರೋಗ್ರಾಂ ಅದನ್ನು ಚಲನೆ ಎಂದು ತಿಳಿಯುತ್ತದೆ. ಕೆಲವು ಕ್ಯಾಮೆರಾಗಳು ಪ್ಲಗ್ ತೆಗೆದು ಹಾಕಿದ ಕೂಡಲೇ ಮತ್ತೆ ಆಟೊಗೆ ಮರಳುತ್ತವೆ. ಹಾಗಾಗಿ ಈ ಸೆಟ್ಟಿಂಗ್‌ಗಳನ್ನು ಪ್ರತಿ ಸಲ ಪ್ರೋಗ್ರಾಂ ಶುರುವಾಗುವಾಗಲೇ ಕಳಿಸುವಂತೆ ಮಾಡಿ.

ಇನ್ನೊಂದು, ಕ್ಯಾಮೆರಾ ತಾನು ಹುಟ್ಟಿಸಿದ ಚಿತ್ರವನ್ನೇ ನೋಡುವುದು. ಗೋಡೆಯ ಚಿತ್ರ ಚಲಿಸಿತು, ಕ್ಯಾಮೆರಾ ಅದನ್ನು ಚಲನೆ ಎಂದಿತು, ಆ ಚಲನೆಗೆ ಚಿತ್ರ ಮತ್ತೆ ಚಲಿಸಿತು. ಪತ್ತೆ ಹಚ್ಚುವುದು ಸುಲಭ: ಪ್ರೊಜೆಕ್ಟರ್ ಮುಚ್ಚಿ, ಕಂಪ್ಯೂಟರಿನ ಮಾನಿಟರ್‌ನಲ್ಲಿ ನೋಡಿ. ಅಲುಗಾಟ ತಕ್ಷಣ ನಿಂತರೆ ಇದೇ. ಕ್ಯಾಮೆರಾವನ್ನು ಗೋಡೆಯಿಂದ ಬೇರೆ ಕಡೆ ತಿರುಗಿಸಿ. ಅದು ಆಗದಿದ್ದರೆ, ಒಳಗಿನ ಇನ್ಫ್ರಾರೆಡ್ ತಡೆ ತೆಗೆದ ಕ್ಯಾಮೆರಾಕ್ಕೆ, ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಇನ್ಫ್ರಾರೆಡ್ ಮಾತ್ರ ಬಿಡುವ ಫಿಲ್ಟರ್ ಹಾಕಿ, ಜೊತೆಗೆ ಇನ್ಫ್ರಾರೆಡ್ ದೀಪ ಇಡಿ. ಆಗ ಗೋಡೆಯ ಚಿತ್ರ ಕ್ಯಾಮೆರಾಕ್ಕೆ ಕಾಣುವುದಿಲ್ಲ, ಜನ ಮಾತ್ರ ಕಾಣುತ್ತಾರೆ.

ಕ್ಯಾಮೆರಾದ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಮೇಲಿಂದ ಕೆಳಗೆ ಹರಿಯುತ್ತಿದ್ದರೆ ಅದು ದೀಪದ ಮಿಣುಕು. ಕರೆಂಟ್ 50 ಹರ್ಟ್ಸ್ ಇರುವಲ್ಲಿ ಇಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, 60 ಹರ್ಟ್ಸ್ ಇರುವಲ್ಲಿ 120 ಸಲ. ಕ್ಯಾಮೆರಾದ ಶಟರ್ ತೆರೆದಿರುವ ಹೊತ್ತನ್ನು ಮೊದಲನೆಯದಕ್ಕೆ ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ, ಎರಡನೆಯದಕ್ಕೆ 60ನೇ ಅಥವಾ 120ನೇ ಒಂದು ಭಾಗಕ್ಕೆ ಇಡಿ. ಒಂದು ಕಡೆ ಹೊಂದಿಸಿದ ಕೃತಿ ಬೇರೆ ದೇಶಕ್ಕೆ ಹೋದಾಗ ಈ ತೊಂದರೆ ಹೊಸದಾಗಿ ಹುಟ್ಟುತ್ತದೆ.

ಗಾಳಿಗೆ ಆಡುವ ಪರದೆಯನ್ನೂ ಒಮ್ಮೆ ನೋಡಿಬಿಡಿ.

ಸ್ಪಂದನೆ ತಡವಾಗುತ್ತಿದೆ

ತಡವನ್ನು ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. ಫೋನನ್ನು ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಶನ್‌ಗೆ ಹಾಕಿ. ನೋಡುಗರ ಕೈಯೂ ಗೋಡೆಯ ಚಿತ್ರವೂ ಒಟ್ಟಿಗೆ ಕಾಣುವಂತೆ ನಿಲ್ಲಿ. ಅವರು ಕೈಯನ್ನು ಥಟ್ಟನೆ ಎತ್ತಲಿ. ಆಮೇಲೆ ಫ್ರೇಮ್ ಫ್ರೇಮ್ ಸರಿಸುತ್ತಾ, ಕೈ ಹೊರಟ ಫ್ರೇಮಿನಿಂದ ಚಿತ್ರ ಹೊರಟ ಫ್ರೇಮಿನವರೆಗೆ ಎಣಿಸಿ. ಪ್ರತಿ ಫ್ರೇಮ್ ಸುಮಾರು 4.2 ಮಿಲಿಸೆಕೆಂಡ್. 36 ಫ್ರೇಮ್ ಬಂದರೆ 150 ಮಿಲಿಸೆಕೆಂಡ್. ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ.

ಈಗ ಒಂದೊಂದಾಗಿ ಕಳೆಯಿರಿ. ಸೆಕೆಂಡಿಗೆ 30 ಫ್ರೇಮ್‌ನ ಕ್ಯಾಮೆರಾದಲ್ಲಿ ಒಂದು ಫ್ರೇಮಿಗೇ 33 ಮಿಲಿಸೆಕೆಂಡ್ ಹೋಗುತ್ತದೆ. 60 ಹರ್ಟ್ಸ್ ಪ್ರೊಜೆಕ್ಟರ್‌ನಲ್ಲಿ ಒಂದು ಫ್ರೇಮಿಗೆ ಸುಮಾರು 17. ಇವು ಬಿಡಲಾಗದ ಖರ್ಚು. ಅದರಾಚೆಗೆ ದೊಡ್ಡ ಕಳ್ಳರು ಇಬ್ಬರು. ಒಂದು, ಪ್ರೊಜೆಕ್ಟರ್ ಒಳಗಿನ ‘ಚಿತ್ರ ಸುಧಾರಣೆ’ ಕೆಲಸಗಳು. ಗೇಮ್ ಮೋಡ್‌ಗೆ ಹಾಕಿ, ಚಲನೆ ನುಣುಪು ಮಾಡುವುದನ್ನು ಆಫ್ ಮಾಡಿ ಮತ್ತೆ ಅಳೆಯಿರಿ. ಓರೆಯಾದ ಚಿತ್ರವನ್ನು ನೇರ ಮಾಡುವ ಡಿಜಿಟಲ್ ಕೀಸ್ಟೋನ್ ಕೂಡ ಕೆಲವು ಪ್ರೊಜೆಕ್ಟರ್‌ಗಳಲ್ಲಿ ತಡ ಸೇರಿಸುತ್ತದೆ.

ಎರಡನೆಯದು ನಾವೇ ಹಾಕಿಕೊಂಡದ್ದು. ಚಿತ್ರ ನಡುಗದಿರಲಿ ಎಂದು ಕಳೆದ 10 ಫ್ರೇಮ್‌ಗಳ ಸರಾಸರಿ ತೆಗೆಯುವ ಅಭ್ಯಾಸ ಬಹಳ ಕಡೆ ಇದೆ. 30 ಫ್ರೇಮ್ ಲೆಕ್ಕದಲ್ಲಿ ಅದೊಂದೇ ಸುಮಾರು 150 ಮಿಲಿಸೆಕೆಂಡ್ ತಡ ತರುತ್ತದೆ. ನುಣುಪಾದ ಚಿತ್ರಕ್ಕಿಂತ ಚುರುಕಾದ ಚಿತ್ರ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ವಲ್ಪ ನಡುಗಿದರೂ ಕೈಯ ಜೊತೆಗೇ ಬರುವ ಚಿತ್ರವನ್ನು ಜನ ತಮ್ಮದು ಎಂದು ನಂಬುತ್ತಾರೆ. ಎರಡೂ ಬೇಕಿದ್ದರೆ ಒನ್ ಯೂರೋ ಫಿಲ್ಟರ್ ಬಳಸಿ. ಕೈ ನಿಧಾನವಿದ್ದಾಗ ಅದು ಜಾಸ್ತಿ ನುಣುಪು ಮಾಡುತ್ತದೆ, ವೇಗವಾಗಿದ್ದಾಗ ಬಿಟ್ಟುಕೊಡುತ್ತದೆ.

ಬೆಳಿಗ್ಗೆ ಸರಿ, ಸಂಜೆ ಇಲ್ಲ

ಮೊದಲು ಕಿಟಕಿ ನೋಡಿ. ದಿನಾ ಒಂದೇ ಹೊತ್ತಿಗೆ ಕೆಟ್ಟು ಆಮೇಲೆ ತಾನಾಗಿ ಸರಿಹೋದರೆ ಅದು ಬಿಸಿಲು. ಶುರು ಮಾಡಿದ ಇಷ್ಟು ಗಂಟೆಗೆ ಕೆಡುತ್ತದೆ ಎಂದಾದರೆ ಕಂಪ್ಯೂಟರ್. ಈ ಎರಡನ್ನು ಬೇರೆ ಮಾಡಲು ಒಂದು ದಿನ ಎರಡು ಗಂಟೆ ತಡವಾಗಿ ಶುರು ಮಾಡಿ. ಕೆಡುವ ಹೊತ್ತೂ ಎರಡು ಗಂಟೆ ಮುಂದೆ ಹೋಯಿತೇ? ಹಾಗಾದರೆ ಬಿಸಿಲಲ್ಲ.

ಕಂಪ್ಯೂಟರ್ ಎಂದು ತಿಳಿದ ಮೇಲೆ ಮೆಮೊರಿ ಮತ್ತು ಬಿಸಿ ಎರಡನ್ನೂ ನಿಮಿಷಕ್ಕೊಮ್ಮೆ ಫೈಲಿಗೆ ಬರೆಯಿಸಿ. ಮೆಮೊರಿ ಇಳಿಯದೆ ಏರುತ್ತಲೇ ಹೋದರೆ ಎಲ್ಲೋ ಸೋರಿಕೆ ಇದೆ. ಪ್ರತಿ ಫ್ರೇಮಿಗೆ ಹೊಸ ಚಿತ್ರ ಮಾಡಿ ಹಳೆಯದನ್ನು ಬಿಡದಿರುವುದು ಸಾಮಾನ್ಯ ಕಾರಣ. ಅದು ಸಿಗುವವರೆಗೆ ರಾತ್ರಿ ಒಮ್ಮೆ ತಾನಾಗಿ ರೀಸ್ಟಾರ್ಟ್ ಆಗುವಂತೆ ಇಡಬಹುದು. ಬಿಸಿ ಏರಿ ಸೆಕೆಂಡಿನ ಫ್ರೇಮ್ ಸಂಖ್ಯೆ ಇಳಿದರೆ, ಸಾಮಾನ್ಯವಾಗಿ ಕಂಪ್ಯೂಟರನ್ನು ಚೆಂದಕ್ಕೆಂದು ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಪೆಟ್ಟಿಗೆಗೆ ಗಾಳಿ ಹೋಗಲು ಬರಲು ಎರಡೂ ಕಡೆ ದಾರಿ ಬೇಕು.

ಸೆನ್ಸರ್ ನಡುನಡುವೆ ಕಳಚಿಕೊಂಡರೆ ಯುಎಸ್‌ಬಿ ನೋಡಿ. ಯುಎಸ್‌ಬಿ 2 ಕೇಬಲ್‌ಗೆ 5 ಮೀಟರ್ ಮಿತಿ. ಅದಕ್ಕಿಂತ ಉದ್ದ ಬೇಕಾದರೆ ನಡುವೆ ಶಕ್ತಿ ಕೊಡುವ ಕೇಬಲ್ ಬೇಕು. ಕರೆಂಟ್ ಉಳಿಸಲು ಯುಎಸ್‌ಬಿ ಮಲಗಿಸುವ ಸೆಟ್ಟಿಂಗ್, ಸ್ಲೀಪ್, ತಾನಾಗಿ ಬರುವ ಅಪ್‌ಡೇಟ್ ಎಲ್ಲ ಆಫ್ ಇರಲಿ.

ಚಿತ್ರ ಸ್ಪಂದಿಸುತ್ತದೆ, ಆದರೆ ಕೈಯಿಂದ ಒಂದು ಗೇಣು ಪಕ್ಕಕ್ಕೆ ಎಂದಾದರೆ ಕ್ಯಾಮೆರಾ ಅಥವಾ ಪ್ರೊಜೆಕ್ಟರ್ ಅಲುಗಿದೆ. ಮತ್ತೆ ನಾಲ್ಕು ಮೂಲೆ ಗುರುತಿಸಿ ಹೊಂದಿಸಿ. ಪ್ರೊಜೆಕ್ಟರ್ ಹಾಕಿ ಅರ್ಧ ಗಂಟೆ ಆದ ಮೇಲೆ ಮಾಡಿ. ಬಿಸಿಯಾಗುತ್ತಾ ಚಿತ್ರ ಸ್ವಲ್ಪ ಸರಿಯುತ್ತದೆ.

ಎಲ್ಲ ಸರಿ, ಆದರೂ ಜನ ಹಾದು ಹೋಗುತ್ತಾರೆ

ಇದನ್ನೂ ನಾನು ದೋಷವೆಂದೇ ಎಣಿಸುತ್ತೇನೆ. ಜನ ಸೇರದಿದ್ದರೆ ಕೃತಿ ಪೂರ್ತಿಯಾಗಿಲ್ಲ.

ಬಾಗಿಲ ಬದಿಯಲ್ಲಿ ನಿಂತು ನೋಡಿ. ಒಳಗೆ ಬಂದವರು ಮೊದಲು ಎಲ್ಲಿ ನಿಲ್ಲುತ್ತಾರೆ? ಹೆಚ್ಚಿನವರು ಹೊಸ್ತಿಲು ದಾಟಿ ಎರಡು ಹೆಜ್ಜೆಗೇ ನಿಂತು ಗೋಡೆ ನೋಡುತ್ತಾರೆ. ಆ ಜಾಗ ಸೆನ್ಸರ್‌ನ ನೋಟದೊಳಗೆ ಇಲ್ಲದಿದ್ದರೆ ಅವರಿಗೆ ಇದು ಮಾಮೂಲಿ ವಿಡಿಯೊ. ಸ್ವಲ್ಪ ಹೊತ್ತು ನೋಡಿ ಹೊರಟುಬಿಡುತ್ತಾರೆ. ಸೆನ್ಸರ್‌ನ ನೋಟ ಬಾಗಿಲವರೆಗೆ ಬರಲಿ. ಅಲ್ಲಿ ನಿಂತವರಿಗೆ ಸಣ್ಣದೊಂದು ಸ್ಪಂದನೆ ಸಿಕ್ಕರೂ ಸಾಕು, ಅವರು ಒಳಗೆ ಬರುತ್ತಾರೆ.

ಕಲಾವಿದ ರಫಾಯೆಲ್ ಲೊಸಾನೊ ಹೆಮ್ಮರ್ 2001ರಲ್ಲಿ ರೋಟರ್‌ಡ್ಯಾಮಿನ ಒಂದು ಚೌಕದಲ್ಲಿ ಮಾಡಿದ ಕೃತಿಯನ್ನು ನೋಡಿ. ದಾರಿಹೋಕರ ನೆರಳು ದೊಡ್ಡ ಗೋಡೆಯ ಮೇಲೆ ಬೀಳುತ್ತಿತ್ತು. ಆ ನೆರಳಿನೊಳಗೆ ಮಾತ್ರ ಬೇರೆಯವರ ಭಾವಚಿತ್ರಗಳು ಕಾಣುತ್ತಿದ್ದವು. ಗೋಡೆಯ ಕಡೆ ಹೋದರೆ ನೆರಳು ಚಿಕ್ಕದು, ದೀಪದ ಕಡೆ ಹೋದರೆ ದೊಡ್ಡದು. ನೆರಳು ಹೇಗೆ ನಡೆದುಕೊಳ್ಳುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ, ಮೈಗೇ ಗೊತ್ತಿದೆ. ನಿಮ್ಮ ಕೃತಿಯಲ್ಲಿ ಏನು ಮಾಡಬೇಕು ಎಂದು ಬೋರ್ಡ್ ಹಾಕಬೇಕಾಗಿ ಬಂದರೆ, ಮೊದಲ ಸ್ಪಂದನೆ ಸಾಕಷ್ಟು ನೇರವಾಗಿಲ್ಲ ಎಂದು ತಿಳಿಯಿರಿ.

ಗುಂಪಿನ ಪರೀಕ್ಷೆಯೂ ಬೇಕು. ಇಬ್ಬರು ಕೈ ಹಿಡಿದು ಬಂದರೆ ಪ್ರೋಗ್ರಾಂ ಅವರನ್ನು ಒಬ್ಬರೆಂದು ಎಣಿಸಿ, ಕೈ ಬಿಟ್ಟ ಕ್ಷಣ ಇಬ್ಬರ ಗುರುತನ್ನೂ ಅದಲು ಬದಲು ಮಾಡುತ್ತದೆ. ಒಬ್ಬರ ಬಣ್ಣ ಇನ್ನೊಬ್ಬರಿಗೆ ಹಾರುತ್ತದೆ. ಗುರುತು ಮುಖ್ಯವಾದ ಕೃತಿಯಾದರೆ ಸೆನ್ಸರನ್ನು ಚಾವಣಿಗೆ ಹಾಕಿ ನೇರ ಕೆಳಗೆ ನೋಡಿಸುವುದು ಒಳ್ಳೆಯದು. ಮೇಲಿಂದ ನೋಡಿದರೆ ಒಬ್ಬರನ್ನೊಬ್ಬರು ಮರೆ ಮಾಡುವುದು ಬಹಳ ಕಡಿಮೆ.

ಸರಿಪಡಿಸಿದ ಮೇಲೆ ಕಂಪ್ಯೂಟರ್ ಪಕ್ಕದಲ್ಲೇ ಒಂದು ಹಾಳೆ ಇಡಿ. ಲಕ್ಷಣ ಏನಿತ್ತು, ಸೆನ್ಸರ್ ನೋಟದಲ್ಲಿ ಏನು ಕಂಡಿತು, ಯಾವ ಬೆಲೆಯನ್ನು ಎಷ್ಟರಿಂದ ಎಷ್ಟಕ್ಕೆ ಬದಲಿಸಿದಿರಿ, ಅಳೆದ ತಡ ಎಷ್ಟು, ಆಗ ಯಾವ ದೀಪಗಳು ಉರಿಯುತ್ತಿದ್ದವು ಎಂದು ಬರೆಯಿರಿ. ಸರಿಯಾಗಿ ನಡೆಯುತ್ತಿರುವ ಈ ಹೊತ್ತಿನ ಕಚ್ಚಾ ರೆಕಾರ್ಡಿಂಗನ್ನು, ಒಳಗೆ ನಾಲ್ಕಾರು ಬೇರೆ ಬೇರೆ ಎತ್ತರದ ಜನ ಇರುವಾಗ, ಅದೇ ಯಂತ್ರದಲ್ಲಿ ದಿನಾಂಕ ಹಾಕಿ ಉಳಿಸಿ.